ಪಾಸ್‌ಪೋರ್ಟ್ ಕೇಳದ ಜಾತ್ರೆ: ಕಚ್ಚತೀವಿನ ಅಂತೋಣಿಯವರ ಹಬ್ಬದ ಕಥೆ

ಭಾರತದಿಂದ ಶ್ರೀಲಂಕಾಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಆದರೆ ವರ್ಷದಲ್ಲಿ ಎರಡು ದಿನ, ಒಂದೇ ಒಂದು ಜಾಗಕ್ಕೆ, ಇವೆರಡೂ ಇಲ್ಲದೆ ನಮ್ಮ ದೇಶದ ಸಾವಿರಾರು ಜನ ಹೋಗಿ ಬರುತ್ತಾರೆ. ವಿಮಾನದಲ್ಲಲ್ಲ, ಮೀನು ಹಿಡಿಯುವ ಬೋಟುಗಳಲ್ಲಿ. ಹೋಗುವುದು ಒಂದು ಜಾತ್ರೆಗೆ.

ಆ ಜಾಗದ ಹೆಸರು ಕಚ್ಚತೀವು. ತಮಿಳಿನಲ್ಲಿ ತೀವು ಎಂದರೆ ದ್ವೀಪ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಈ ಹೆಸರು ನಮ್ಮೂರುಗಳ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ದ್ವೀಪ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬ ಜಗಳವೇ ಜಾಸ್ತಿ ಇತ್ತು. ಅಲ್ಲಿ ನಡೆಯುವ ಹಬ್ಬದ ಬಗ್ಗೆ ಮಾತಾಡಿದವರು ಕಡಿಮೆ. ಆದರೆ ಆ ದ್ವೀಪದ ಚರಿತ್ರೆ ತಿಳಿಯಬೇಕಾದರೆ ಹಬ್ಬದಿಂದಲೇ ಶುರುಮಾಡಬೇಕು ಎಂದು ನಮಗೆ ಅನ್ನಿಸುತ್ತದೆ. ಯಾಕೆಂದರೆ ಎರಡು ದೇಶಗಳು ಸಮುದ್ರದ ಮೇಲೆ ಗೆರೆ ಎಳೆದಾಗ, ಬಡ ಮೀನುಗಾರನ ಪಾಲಿಗೆ ಕೊನೆಗೆ ಉಳಿದಿದ್ದು ಆ ಹಬ್ಬವೊಂದೇ.

ನೀರಿಲ್ಲದ, ಊರಿಲ್ಲದ ದ್ವೀಪ

ಕಚ್ಚತೀವು ಬಲು ಸಣ್ಣದು. ಒಟ್ಟು 285 ಎಕರೆ. ಉದ್ದ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಮೇಲೆ. ನಮ್ಮ ಕಡೆ ಒಂದು ಸಣ್ಣ ಹಳ್ಳಿಯ ಹೊಲಗದ್ದೆ ಸೇರಿಸಿದರೆ ಇದಕ್ಕಿಂತ ದೊಡ್ಡದಾಗುತ್ತದೆ.

ಇದು ಇರುವುದು ಪಾಕ್ ಜಲಸಂಧಿಯ ಬಳಿ, ತಮಿಳುನಾಡಿಗೂ ಶ್ರೀಲಂಕಾದ ಉತ್ತರ ಭಾಗಕ್ಕೂ ನಡುವಿನ ಸಮುದ್ರದಲ್ಲಿ. ರಾಮೇಶ್ವರದಿಂದ ಈಶಾನ್ಯ ದಿಕ್ಕಿಗೆ, ಭಾರತದ ದಡದಿಂದ ಸುಮಾರು 33 ಕಿಲೋಮೀಟರ್. ಆ ಕಡೆ ಶ್ರೀಲಂಕಾದ ನೆಡುಂತೀವು ದ್ವೀಪ 24 ಕಿಲೋಮೀಟರ್, ಜಾಫ್ನಾ ಪಟ್ಟಣ 62 ಕಿಲೋಮೀಟರ್.

ಕುಡಿಯುವ ನೀರು ಸಿಗದ ಕಾರಣ ಅಲ್ಲಿ ಯಾರೂ ಮನೆ ಕಟ್ಟಿಕೊಂಡು ಬದುಕಿಲ್ಲ. ಒಂದು ಕಾಲಕ್ಕೆ ರಾಮನಾಥಪುರದ ಸೇತುಪತಿ ಅರಸರ ಜಮೀನ್ದಾರಿಗೆ ಈ ದ್ವೀಪ ಸೇರಿತ್ತು. ಬಟ್ಟೆಗೆ ಬಣ್ಣ ಹಾಕುವ ಬೇರು ಕೀಳಲು ಜಮೀನ್ದಾರರು ಅದನ್ನು ಗುತ್ತಿಗೆಗೆ ಕೊಟ್ಟ ದಾಖಲೆಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಅಲ್ಲಿ ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿತ್ತು. ದೊಡ್ಡವರಿಗೆ ಅದರಿಂದ ಆಗುತ್ತಿದ್ದ ಉಪಯೋಗ ಇಷ್ಟೇ.

ಮೀನುಗಾರರಿಗೆ ಮಾತ್ರ ಅದು ಬೇಕಾದ ಜಾಗ. ಹಾಯಿ ಕಟ್ಟಿದ ದೋಣಿಯಲ್ಲಿ ರಾತ್ರಿಯಿಡೀ ದುಡಿದವರಿಗೆ ಕಾಲೂರಲು ಒಂದು ನೆಲ ಬೇಕಿತ್ತು. ಆಗಿನ ಬಲೆಗಳು ಹತ್ತಿ ದಾರದವು. ಒಣಗಿಸದಿದ್ದರೆ ಕೊಳೆತುಹೋಗುತ್ತಿದ್ದವು. ದ್ವೀಪಕ್ಕೆ ಬಂದು, ಮರಳಿನ ಮೇಲೆ ಬಲೆ ಹರಡಿ, ಗಂಜಿ ಬೇಯಿಸಿಕೊಂಡು, ಸ್ವಲ್ಪ ನಿದ್ದೆ ಮಾಡಿ ಮತ್ತೆ ಸಮುದ್ರಕ್ಕೆ ಇಳಿಯುತ್ತಿದ್ದರು. ರಾಮೇಶ್ವರದವರೂ ಬರುತ್ತಿದ್ದರು, ಜಾಫ್ನಾದ ಕಡೆಯವರೂ ಬರುತ್ತಿದ್ದರು. ಇಬ್ಬರ ಮಾತೂ ತಮಿಳು, ಕಸುಬೂ ಒಂದೇ. ಎಷ್ಟೋ ಮನೆಗಳಲ್ಲಿ ಹೆಣ್ಣು ತಂದು ಹೆಣ್ಣು ಕೊಟ್ಟ ಸಂಬಂಧವೂ ಇತ್ತು.

ಮೀನುಗಾರ ಕಟ್ಟಿದ ಗುಡಿ

1905ರ ಹೊತ್ತಿಗೆ ತಮಿಳುನಾಡಿನ ಕಡೆಯ ಮೀನುಗಾರರೊಬ್ಬರು ಈ ದ್ವೀಪದಲ್ಲಿ ಸಂತ ಅಂತೋಣಿಯವರ ಹೆಸರಿನಲ್ಲಿ ಪುಟ್ಟ ಗುಡಿಯೊಂದನ್ನು ಕಟ್ಟಿದರು. ಸಮುದ್ರಕ್ಕೆ ಹೋದವರನ್ನು ಕಾಯುವ ಸಂತ ಎಂದು ಆ ಕರಾವಳಿಯ ಜನ ಅಂತೋಣಿಯವರನ್ನು ನಂಬುತ್ತಾರೆ.

ನಮ್ಮಲ್ಲಿ ಮೈಸೂರು ಕಡೆಯವರಿಗೆ ಇದು ಹೊಸದಲ್ಲ. ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಯಲ್ಲಿ ಇದೇ ಅಂತೋಣಿಯವರ ಗುಡಿ ಇದೆ. ಅಲ್ಲಿ ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಕಚ್ಚತೀವಿನಲ್ಲೂ ಹಾಗೆಯೇ, ಹಿಂದೂ ಮೀನುಗಾರರೂ ದೋಣಿ ಹತ್ತಿ ಬರುತ್ತಾರೆ. ಆದರೆ ಕಚ್ಚತೀವಿನ ಹಬ್ಬ ಜೂನ್‌ನಲ್ಲಿ ಅಲ್ಲ. ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ, ಬಿಸಿಲು ಏರತೊಡಗಿದಾಗ, ಕ್ರೈಸ್ತರ ತಪಸ್ಸು ಕಾಲದಲ್ಲಿ ಬರುತ್ತದೆ.

ವರ್ಷದ ಉಳಿದ ದಿನಗಳಲ್ಲಿ ಗುಡಿಯಲ್ಲಿ ಪೂಜೆಯಿಲ್ಲ, ಯಾಕೆಂದರೆ ಊರೇ ಇಲ್ಲ. ಇಡೀ ವರ್ಷಕ್ಕೆ ಆ ಎರಡು ದಿನವೇ. ಈಗ ಗುಡಿಯ ಉಸ್ತುವಾರಿ ಜಾಫ್ನಾ ಧರ್ಮಪ್ರಾಂತ್ಯದ್ದು. ಮೊದಲ ದಿನ ಸಂಜೆ ಬಾವುಟ ಏರಿಸುತ್ತಾರೆ. ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತದೆ. ರಾತ್ರಿ ಅಂತೋಣಿಯವರ ತೇರು ಹೊರಡುತ್ತದೆ. ಜನ ಮರಳಿನ ಮೇಲೆ, ಪೊದೆಗಳ ನಡುವೆ ಮಲಗುತ್ತಾರೆ. ಮರುದಿನ ಬೆಳಿಗ್ಗೆ ಬಲಿಪೂಜೆ, ಬಾವುಟ ಇಳಿಸುವುದು, ಆಮೇಲೆ ಎಲ್ಲರೂ ತಮ್ಮ ತಮ್ಮ ದೋಣಿಗೆ.

ನಡುವೆ ನಡೆಯುವುದೇ ಜಾತ್ರೆಯ ಇನ್ನೊಂದು ಅರ್ಧ. ಆ ದಡದ ನೆಂಟರು ಈ ದಡದ ನೆಂಟರನ್ನು ಹುಡುಕಿಕೊಂಡು ಬರುತ್ತಾರೆ. ಸೀರೆ, ಸೋಪು, ತಿಂಡಿ ಪೊಟ್ಟಣ ಕೈ ಬದಲಾಗುತ್ತವೆ. ಯಾರ ಮನೆಯಲ್ಲಿ ಮದುವೆ ಆಯಿತು, ಯಾರು ತೀರಿಕೊಂಡರು ಎಂಬ ಸುದ್ದಿ ದಾಟುತ್ತದೆ. ಫೋನ್ ಇಲ್ಲದ ಕಾಲದಲ್ಲಿ ಎರಡು ದಡಗಳ ನಡುವಿನ ಟಪಾಲು ಈ ಹಬ್ಬವೇ ಆಗಿತ್ತು.

ನೀರಿನ ಮೇಲೆ ಗೆರೆ

ದ್ವೀಪ ಯಾರದು ಎಂಬ ಪ್ರಶ್ನೆ ಮೊದಲು ಎದ್ದಿದ್ದು ಬ್ರಿಟಿಷರ ಕಾಲದಲ್ಲಿ. ಮದ್ರಾಸ್ ಸರ್ಕಾರವೂ ಬ್ರಿಟಿಷರದ್ದೇ, ಸಿಲೋನ್ ಸರ್ಕಾರವೂ ಬ್ರಿಟಿಷರದ್ದೇ. 1921ರಲ್ಲಿ ಎರಡೂ ಕಡೆಯ ಅಧಿಕಾರಿಗಳು ಕೊಲಂಬೊದಲ್ಲಿ ಕೂತು ಮೀನುಗಾರಿಕೆಯ ಎಲ್ಲೆ ಗುರುತಿಸಿದರು. ಗೆರೆಯನ್ನು ಕಚ್ಚತೀವಿನ ಪಶ್ಚಿಮಕ್ಕೆ ಎಳೆದರು. ಅಂದರೆ ದ್ವೀಪ ಸಿಲೋನ್ ಕಡೆಗೆ ಬಿತ್ತು. ಇದು ಮೀನಿನ ಎಲ್ಲೆ ಮಾತ್ರ, ರಾಮನಾಥಪುರದ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ ಎಂದು ಮದ್ರಾಸ್ ಕಡೆಯವರು ಹೇಳಿದರು. ಆ ಮಾತುಕತೆಗೆ ಕೊನೆಯ ಮುದ್ರೆ ಬೀಳಲಿಲ್ಲ. ಹೊಲದ ಬದುವಿನ ಜಗಳ ಮೊಮ್ಮಕ್ಕಳ ತನಕ ಬರುವಂತೆ ಇದು ಸ್ವಾತಂತ್ರ್ಯದ ನಂತರದ ಎರಡು ದೇಶಗಳಿಗೆ ಬಂತು.

1974ರ ಜೂನ್ ಕೊನೆಗೆ ಇತ್ಯರ್ಥವಾಯಿತು. ಭಾರತದ ಪ್ರಧಾನಿ ಇಂದಿರಾ ಗಾಂಧಿ, ಶ್ರೀಲಂಕಾದ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಹೊಸ ಗಡಿ ಕಚ್ಚತೀವಿನಿಂದ ಸುಮಾರು ಒಂದು ಮೈಲಿ ಪಶ್ಚಿಮಕ್ಕೆ ಹಾದುಹೋಯಿತು. ದ್ವೀಪ ಶ್ರೀಲಂಕಾದ್ದಾಯಿತು. ಆ ವರ್ಷವೇ ತಮಿಳುನಾಡು ವಿಧಾನಸಭೆ ಇದನ್ನು ವಿರೋಧಿಸಿ ನಿರ್ಣಯ ಮಾಡಿತು.

ನಾವು ಓದುಗರ ಗಮನ ಸೆಳೆಯಬೇಕೆಂದಿರುವುದು ಆ ಒಪ್ಪಂದದ ಐದನೇ ಕಲಮಿನ ಕಡೆಗೆ. ಭಾರತದ ಮೀನುಗಾರರು ಮತ್ತು ಯಾತ್ರಿಕರು ಇಷ್ಟು ದಿನ ಹೇಗೆ ಕಚ್ಚತೀವಿಗೆ ಬರುತ್ತಿದ್ದರೋ ಹಾಗೆಯೇ ಬರಬಹುದು, ಅದಕ್ಕಾಗಿ ಶ್ರೀಲಂಕಾ ಅವರಿಂದ ಪ್ರಯಾಣದ ದಾಖಲೆಯನ್ನಾಗಲಿ ವೀಸಾವನ್ನಾಗಲಿ ಕೇಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಎರಡು ದೇಶಗಳ ಗಡಿ ಒಪ್ಪಂದದೊಳಗೆ ಒಂದು ಸಣ್ಣ ಗುಡಿಗೆ ಹೋಗುವ ದಾರಿಯನ್ನು ಉಳಿಸಿದ ಕಲಮು ಇದು. ಜಾತ್ರೆಗೆ ಹೋಗುವುದು ಅಲ್ಲಿಂದಾಚೆಗೆ ಬರೀ ಪದ್ಧತಿಯಲ್ಲ, ಕಾಗದದ ಮೇಲಿನ ಹಕ್ಕು.

ಮೀನಿನ ವಿಷಯ ಬೇರೆಯೇ ಆಯಿತು. 1974ರ ಒಪ್ಪಂದದ ಆರನೇ ಕಲಮಿನಲ್ಲಿ ಎರಡೂ ದೇಶದ ದೋಣಿ, ಹಡಗುಗಳು ಒಬ್ಬರ ನೀರಿನಲ್ಲಿ ಇನ್ನೊಬ್ಬರು ಹಿಂದಿನಿಂದ ಅನುಭವಿಸಿಕೊಂಡು ಬಂದ ಹಕ್ಕನ್ನು ಮುಂದುವರಿಸಬಹುದು ಎಂಬ ಮಾತಿತ್ತು. ಇದರಲ್ಲಿ ಮೀನು ಹಿಡಿಯುವುದೂ ಸೇರಿದೆ ಎಂದು ರಾಮೇಶ್ವರದವರು ತಿಳಿದರು. 1976ರ ಮಾರ್ಚ್‌ನಲ್ಲಿ ಇನ್ನೊಂದು ಗಡಿ ಒಪ್ಪಂದ ಆಯಿತು. ಅದರ ಜೊತೆಗೆ ಎರಡೂ ದೇಶಗಳ ವಿದೇಶಾಂಗ ಕಾರ್ಯದರ್ಶಿಗಳು ಪತ್ರ ಬದಲಿಸಿಕೊಂಡರು. ಒಬ್ಬರ ನೀರಿನಲ್ಲಿ ಇನ್ನೊಬ್ಬರ ದೋಣಿಗಳು ಮೀನು ಹಿಡಿಯುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಕನ್ಯಾಕುಮಾರಿಯ ದಕ್ಷಿಣಕ್ಕಿರುವ, ಮೀನು ಹೇರಳವಾಗಿ ಸಿಗುವ ವಾಡ್ಜ್ ಬ್ಯಾಂಕ್ ಎಂಬ ಪ್ರದೇಶ ಆ ವರ್ಷ ಭಾರತದ ಹಕ್ಕಿಗೆ ಬಂತು. ಅದು ದೇಶಕ್ಕೆ ಲಾಭವೇ. ಆದರೆ ರಾಮೇಶ್ವರದ ಸಣ್ಣ ದೋಣಿಗೆ ವಾಡ್ಜ್ ಬ್ಯಾಂಕ್ ಬಲು ದೂರ.

ಆಗ ದೇಶದಲ್ಲಿ ತುರ್ತುಪರಿಸ್ಥಿತಿ. ತಮಿಳುನಾಡಿನ ಚುನಾಯಿತ ಸರ್ಕಾರವನ್ನು ಜನವರಿ ಕೊನೆಯಲ್ಲೇ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತರಲಾಗಿತ್ತು. ಪ್ರಶ್ನೆ ಕೇಳಲು ವಿಧಾನಸಭೆಯೇ ಇರಲಿಲ್ಲ.

ಕೊನೆಗೆ ಕೇಂದ್ರ ಸರ್ಕಾರದ ವ್ಯಾಖ್ಯಾನ ಹೀಗಾಯಿತು: ಭಾರತದ ಮೀನುಗಾರರು ಕಚ್ಚತೀವಿನಲ್ಲಿ ವಿಶ್ರಾಂತಿ ಪಡೆಯಬಹುದು, ಬಲೆ ಒಣಗಿಸಬಹುದು, ಅಂತೋಣಿಯವರ ಹಬ್ಬಕ್ಕೆ ಹೋಗಬಹುದು. ಮೀನು ಹಿಡಿಯುವಂತಿಲ್ಲ. ಅಷ್ಟರಲ್ಲಿ ನೈಲಾನ್ ಬಲೆ ಬಂದಿತ್ತು, ಅದನ್ನು ಒಣಗಿಸುವ ಅಗತ್ಯವೇ ಇರಲಿಲ್ಲ. ದೋಣಿಗೆ ಎಂಜಿನ್ ಬಂದಿತ್ತು, ದ್ವೀಪದಲ್ಲಿ ಇಳಿದು ಮಲಗುವ ಅಗತ್ಯವೂ ಕಡಿಮೆಯಾಗಿತ್ತು. ಕೊಟ್ಟ ಮೂರು ಹಕ್ಕುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಹಬ್ಬದ ಹಕ್ಕು ಮಾತ್ರ.

ದಾರಿಗಳು ಮುಚ್ಚಿದ ಕಾಲ

ಇದಕ್ಕೂ ಮೊದಲೇ ಎರಡು ದಡಗಳ ನಡುವಿನ ದಾರಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ಹಿಂದೆ ಮದ್ರಾಸಿನಿಂದ ಹೊರಟ ಬೋಟ್ ಮೇಲ್ ರೈಲು ಧನುಷ್ಕೋಡಿಗೆ ಬರುತ್ತಿತ್ತು. ಅಲ್ಲಿ ಇಳಿದು ಹಡಗು ಹತ್ತಿ ಆಚೆಯ ತಲೈಮನ್ನಾರ್‌ಗೆ ಹೋಗಿ, ಮತ್ತೆ ರೈಲಿನಲ್ಲಿ ಕೊಲಂಬೊ ಸೇರಬಹುದಿತ್ತು. 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯನ್ನೇ ಕೊಚ್ಚಿಕೊಂಡು ಹೋಯಿತು. ಆಮೇಲೆ ರಾಮೇಶ್ವರದಿಂದ ಹಡಗು ಓಡಿತು. 1983ರಲ್ಲಿ ಶ್ರೀಲಂಕಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡ ಮೇಲೆ ಅದೂ ನಿಂತಿತು.

ಯುದ್ಧದ ಕಾಲದಲ್ಲಿ ಆ ಸಮುದ್ರ ನೌಕಾಪಡೆಯ ಕೈಗೆ ಹೋಯಿತು. ಜಾಫ್ನಾ ಕಡೆಯ ಮೀನುಗಾರರಿಗೆ ಎಷ್ಟೋ ದಿನ ನೀರಿಗೆ ಇಳಿಯಲೂ ಅಪ್ಪಣೆ ಇರಲಿಲ್ಲ. ಕಚ್ಚತೀವಿನ ಹಬ್ಬ ಹಿಂದಿನಂತೆ ನಡೆಯಲಿಲ್ಲ. 2009ರಲ್ಲಿ ಯುದ್ಧ ಮುಗಿದ ಮೇಲೆಯೇ ಎರಡೂ ದಡದ ಜನ ಮತ್ತೆ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ಸೇರತೊಡಗಿದ್ದು. ಹಳೆಯ ಗುಡಿಯ ಪಕ್ಕದಲ್ಲಿ ಶ್ರೀಲಂಕಾ ನೌಕಾಪಡೆ ಹೊಸ ಗುಡಿ ಕಟ್ಟಿಕೊಟ್ಟಿತು. 2016ರ ಡಿಸೆಂಬರ್‌ನಲ್ಲಿ ಜಾಫ್ನಾದ ಧರ್ಮಾಧ್ಯಕ್ಷರು ಅದನ್ನು ಪ್ರತಿಷ್ಠಾಪಿಸಿದರು.

ಈಗ ಹಬ್ಬಕ್ಕೆ ಹೋಗುವ ಕ್ರಮ ಹೀಗಿದೆ. ರಾಮೇಶ್ವರದಲ್ಲಿ ಮೊದಲೇ ಹೆಸರು ಬರೆಸಬೇಕು, ಗುರುತಿನ ಚೀಟಿ ಕೊಡಬೇಕು. ಬೋಟುಗಳ ತಪಾಸಣೆ ನಡೆಯುತ್ತದೆ. ಗಡಿಯವರೆಗೆ ನಮ್ಮ ಕಾವಲು ಪಡೆಯ ನಿಗಾ, ಗಡಿ ದಾಟಿದ ಮೇಲೆ ಅವರ ನೌಕಾಪಡೆಯ ನಿಗಾ. ಪಾಸ್‌ಪೋರ್ಟ್ ಮಾತ್ರ ಬೇಡ. ನೀರಿಲ್ಲದ ದ್ವೀಪದಲ್ಲಿ ಸಾವಿರಾರು ಜನಕ್ಕೆ ಕುಡಿಯುವ ನೀರು ಒದಗಿಸುವುದೂ ಶ್ರೀಲಂಕಾ ನೌಕಾಪಡೆಯೇ. ಉಳಿದ ದಿನಗಳಲ್ಲಿ ಇದೇ ಬೋಟುಗಳನ್ನು ಹಿಡಿಯುವ ಪಡೆಯೂ ಅದೇ.

ಬಲೆ ಹರಿದಾಗ

ಯಾಕೆ ಹಿಡಿಯುತ್ತಾರೆ ಎಂದರೆ ಕಾರಣ ಬಲೆಯಲ್ಲಿದೆ. ಕಳೆದ ಶತಮಾನದ ಮಧ್ಯಭಾಗದಿಂದ ನಮ್ಮ ದೇಶದಲ್ಲಿ ಟ್ರಾಲ್ ಬೋಟುಗಳು ಬಂದವು. ಸಿಗಡಿಗೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಇತ್ತು, ಸರ್ಕಾರವೂ ಪ್ರೋತ್ಸಾಹ ಕೊಟ್ಟಿತು. ಮಲ್ಪೆ, ಮಂಗಳೂರು ಕಡೆಯ ಓದುಗರಿಗೆ ಈ ಬೋಟು ಚೆನ್ನಾಗಿ ಗೊತ್ತು. ಭಾರದ ಬಲೆ ಸಮುದ್ರದ ತಳವನ್ನೇ ಕೆರೆದುಕೊಂಡು ಬರುತ್ತದೆ. ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ, ಪಾಚಿ ಎಲ್ಲವೂ ಬರುತ್ತವೆ.

ರಾಮೇಶ್ವರದ ಸುತ್ತಲಿನ ಸಮುದ್ರ ಆಳವಿಲ್ಲದ್ದು, ಹೆಚ್ಚಿನ ಕಡೆ 15 ಮೀಟರಿಗಿಂತ ಕಡಿಮೆ. ಇಂಥ ನೀರಿನಲ್ಲಿ ವರ್ಷಗಟ್ಟಲೆ ಟ್ರಾಲ್ ಎಳೆದರೆ ಉಳಿಯುವುದೇನು? ತಮಿಳುನಾಡಿನ ಆ ಭಾಗದಲ್ಲೇ ನಾಡದೋಣಿಯವರಿಗೂ ಟ್ರಾಲ್ ಬೋಟಿನವರಿಗೂ ಜಗಳವಾಗಿ, ವಾರದಲ್ಲಿ ಮೂರು ದಿನ ಟ್ರಾಲ್, ನಾಲ್ಕು ದಿನ ನಾಡದೋಣಿ ಎಂಬ ಪಾಳಿ ಬಂತು. ತಮ್ಮ ಕಡೆ ಮೀನು ಕಡಿಮೆಯಾದಂತೆ ಟ್ರಾಲ್ ಬೋಟುಗಳು ಗಡಿ ದಾಟತೊಡಗಿದವು. ಯುದ್ಧದ ಕಾಲದಲ್ಲಿ ಆಚೆ ಕೇಳುವ ಮೀನುಗಾರರೇ ಇರಲಿಲ್ಲ.

2009ರ ನಂತರ ಜಾಫ್ನಾ, ಮನ್ನಾರ್ ಕಡೆಯ ಮೀನುಗಾರರು ಮತ್ತೆ ನೀರಿಗಿಳಿದರು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡವರು, ಸಾಲ ಮಾಡಿ ಬಲೆ ತಂದವರು. ರಾತ್ರಿ ಹಾಸಿದ ಬಲೆ ಬೆಳಿಗ್ಗೆ ಟ್ರಾಲ್ ಬೋಟಿಗೆ ಸಿಕ್ಕಿ ಹರಿದುಹೋಗಿರುತ್ತಿತ್ತು. ಹೀಗಾಗಿ ಇದನ್ನು ತಮಿಳು ಮೀನುಗಾರರಿಗೂ ಸಿಂಹಳ ನೌಕಾಪಡೆಗೂ ನಡುವಿನ ಜಗಳ ಎಂದಷ್ಟೇ ನೋಡಿದರೆ ಅರ್ಧ ಸತ್ಯ. ತಮಿಳು ಮೀನುಗಾರನ ಬಲೆಯನ್ನು ತಮಿಳು ಮೀನುಗಾರನ ಬೋಟೇ ಹರಿಯುತ್ತಿತ್ತು. 2010ರಲ್ಲಿ ಎರಡೂ ಕಡೆಯ ಮೀನುಗಾರರು ಕೂತು ಮಾತಾಡಿ, ಒಂದು ವರ್ಷದೊಳಗೆ ಟ್ರಾಲ್ ನಿಲ್ಲಿಸುವ ಒಪ್ಪಿಗೆಗೂ ಬಂದಿದ್ದರು. ಅದು ಜಾರಿಗೆ ಬರಲಿಲ್ಲ.

2017ರಲ್ಲಿ ಶ್ರೀಲಂಕಾ ತಳ ಕೆರೆಯುವ ಮೀನುಗಾರಿಕೆಯನ್ನೇ ಕಾನೂನಿನಿಂದ ನಿಷೇಧಿಸಿತು. ಮರುವರ್ಷ ಹೊರದೇಶದ ಬೋಟುಗಳಿಗೆ ದಂಡ ಏರಿಸಿತು. ಅದೇ 2017ರಲ್ಲಿ ಭಾರತ ಸರ್ಕಾರ 2,000 ಟ್ರಾಲ್ ಬೋಟುಗಳನ್ನು ಆಳಸಮುದ್ರದ ಮೀನುಗಾರಿಕೆಗೆ ಬದಲಿಸುವ ಯೋಜನೆ ತಂದಿತು. ಅದು ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಆಳಸಮುದ್ರದ ಬೋಟು ದುಬಾರಿ, ದಿನಗಟ್ಟಲೆ ನೀರಿನಲ್ಲೇ ಇರಬೇಕು, ಕೆಲಸವೂ ಬೇರೆ ಬಗೆಯದು.

ಹಬ್ಬಕ್ಕೆ ಹೋಗದಿರುವುದು

ಇಲ್ಲಿ ಚರಿತ್ರೆ ಒಂದು ವಿಚಿತ್ರ ತಿರುವು ತೆಗೆದುಕೊಳ್ಳುತ್ತದೆ. 2017ರ ಮಾರ್ಚ್‌ನಲ್ಲಿ, ಹಬ್ಬಕ್ಕೆ ಕೆಲವೇ ದಿನ ಇರುವಾಗ, ಕಚ್ಚತೀವಿನ ಹತ್ತಿರದ ನೀರಿನಲ್ಲಿ ತಮಿಳುನಾಡಿನ ಯುವ ಮೀನುಗಾರನೊಬ್ಬ ಗುಂಡೇಟಿಗೆ ಬಲಿಯಾದ. ತಮ್ಮ ನೌಕಾಪಡೆ ಗುಂಡು ಹಾರಿಸಿಲ್ಲ ಎಂದು ಶ್ರೀಲಂಕಾ ಹೇಳಿತು. ಆ ವರ್ಷ ರಾಮೇಶ್ವರದಿಂದ ಹಬ್ಬಕ್ಕೆ ದೋಣಿಗಳು ಹೊರಡಲಿಲ್ಲ.

2024ರ ಫೆಬ್ರವರಿಯಲ್ಲಿ ಶ್ರೀಲಂಕಾದ ನ್ಯಾಯಾಲಯ ಭಾರತದ ಬೋಟು ಚಾಲಕರಿಗೆ ಜೈಲು ಶಿಕ್ಷೆ ಕೊಟ್ಟಿತು. ಅದಕ್ಕೂ ಮೊದಲು ಹೆಚ್ಚಿನವರನ್ನು ಕೆಲವು ವಾರದಲ್ಲಿ ಬಿಟ್ಟು ಕಳಿಸುತ್ತಿದ್ದರು. ರಾಮೇಶ್ವರದ ಮೀನುಗಾರರು ಮತ್ತೆ ಹಬ್ಬವನ್ನು ಬಹಿಷ್ಕರಿಸಿದರು.

ಯೋಚಿಸಿ ನೋಡಿ. ಹಬ್ಬಕ್ಕೆ ಹೋಗುವುದು ಒಪ್ಪಂದ ಅವರಿಗೆ ಉಳಿಸಿಕೊಟ್ಟ ಹಕ್ಕು. ಸಿಟ್ಟು ತೋರಿಸಲು ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಅದೇ ಹಕ್ಕನ್ನು ಬಿಟ್ಟುಕೊಟ್ಟು ತಮ್ಮ ಸಂಕಟ ಹೇಳಿದರು. ದೇವರ ಮೇಲಿನ ಮುನಿಸಲ್ಲ ಅದು. ನಮ್ಮ ಹಳ್ಳಿಗಳಲ್ಲಿ ಊರಿಗೆ ಅನ್ಯಾಯವಾದಾಗ ತೇರು ಎಳೆಯದೆ ನಿಲ್ಲಿಸುವುದಿಲ್ಲವೇ, ಹಾಗೆ.

2025ರ ಮಾರ್ಚ್ 14 ಮತ್ತು 15ರಂದು ಹಬ್ಬ ನಡೆದಾಗ ರಾಮೇಶ್ವರದಿಂದ ಮೂರು ಸಾವಿರಕ್ಕೂ ಹೆಚ್ಚು ಜನ ಹೋದರು. ಮರುತಿಂಗಳು, ಏಪ್ರಿಲ್ 2ರಂದು, ಕಚ್ಚತೀವನ್ನು ಮರಳಿ ಪಡೆಯಬೇಕೆಂದು ತಮಿಳುನಾಡು ವಿಧಾನಸಭೆ ಇನ್ನೊಮ್ಮೆ ನಿರ್ಣಯ ಮಾಡಿತು. ಅದಕ್ಕೂ ಮುಂಚೆ, 2008ರಲ್ಲೇ, ಜೆ. ಜಯಲಲಿತಾ ಸುಪ್ರೀಂ ಕೋರ್ಟಿಗೆ ಹೋಗಿದ್ದರು.

ದ್ವೀಪ ಮರಳಿ ಬಂದರೆ ಮೀನು ಮರಳಿ ಬರುತ್ತದೆಯೇ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. 285 ಎಕರೆ ನೆಲ ಯಾರದ್ದೇ ಆಗಲಿ, ಕೆರೆದ ತಳದಲ್ಲಿ ಸಿಗಡಿ ಹುಟ್ಟುವುದಿಲ್ಲ. ನೆಲದ ಬಗ್ಗೆ ದಿಲ್ಲಿ, ಚೆನ್ನೈ, ಕೊಲಂಬೊ ಮಾತಾಡಬಹುದು. ಬಲೆಯ ಬಗ್ಗೆ ಮಾತಾಡಬೇಕಾದವರು ರಾಮೇಶ್ವರ ಮತ್ತು ಜಾಫ್ನಾದ ಮೀನುಗಾರರೇ. ಈ ಇಬ್ಬರೂ ತಮ್ಮ ತಮ್ಮ ದೋಣಿಯಲ್ಲೇ ಬಂದು, ಅಧಿಕಾರಿಗಳ ಮೇಜಿಲ್ಲದೆ, ಒಂದೇ ಮರಳಿನ ಮೇಲೆ ಕೂರುವ ಜಾಗ ಅಂತೋಣಿಯವರ ಗುಡಿಯ ಅಂಗಳ. ಹಬ್ಬ ತಪ್ಪಿದ ವರ್ಷ ತಪ್ಪಿಹೋಗುವುದು ಪೂಜೆಯೊಂದೇ ಅಲ್ಲ, ಆ ಮಾತೂ ತಪ್ಪುತ್ತದೆ.